ಒಂದೇ ನಲ್ಲಿ

ನಮಗೆ ಕಂಪ್ಯೂಟರಿನ ವಿದ್ಯೆ ಗುರುಮುಖದಿಂದ ಬಂದುದಲ್ಲ. ಬಿ.ಎ. ಮುಗಿಸಿ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಹಿಡಿದ ನಾವು, ರಾತ್ರಿ ಊಟವಾದ ಮೇಲೆ ಕುಳಿತು ಪಿಎಚ್‌ಪಿ ಕಲಿತೆವು. ಕಲಿತ ವಿದ್ಯೆ ಕೈಯನ್ನು ಸುಮ್ಮನಿರಗೊಡದು. ಸಂಘದ ಚಂದಾ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಾವೇ ಮೈಮೇಲೆ ಹಾಕಿಕೊಂಡೆವು.

ಅದರಲ್ಲಿ ಮೂರು ಕ್ಲಾಸುಗಳು. ಶಾಲೆಯ ಕ್ಲಾಸಲ್ಲ, ರೈಲಿನದೂ ಅಲ್ಲ. ಒಂದೊಂದು ಕೆಲಸ ಹೊತ್ತ ಒಂದೊಂದು ಶಾಖೆ ಎನ್ನಿ. ಚಂದಾ ಬರೆದುಕೊಳ್ಳಲು ಒಂದು, ರಸೀದಿ ಕೊಡಲು ಒಂದು, ಸದಸ್ಯರ ಪಟ್ಟಿ ತಿದ್ದಲು ಒಂದು. ಪ್ರತಿಯೊಂದೂ ಹುಟ್ಟುತ್ತಲೇ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ತನ್ನದೇ ಸಂಪರ್ಕ ತೆರೆಯುವಂತೆ ಬರೆದೆವು. ಮನೆಗೊಂದು ನಲ್ಲಿಯಿದ್ದರೆ ಜಗಳವಿಲ್ಲ ಎಂಬುದು ನಮ್ಮ ಲೆಕ್ಕ.

ಲೆಕ್ಕ ತಪ್ಪಿದ್ದು ರಾಜ್ಯೋತ್ಸವದ ವಾರದಲ್ಲಿ. ನಾವಾಗಿ ಬದಲಿಸದ ಹೊರತು ಮೈಎಸ್‌ಕ್ಯೂಎಲ್ ಒಂದು ಸಲಕ್ಕೆ 151 ಸಂಪರ್ಕಗಳಿಗೆ ಮಾತ್ರ ಬಾಗಿಲು ತೆರೆಯುತ್ತದೆ. ತಲೆಗೆ ಮೂರರಂತೆ ಐವತ್ತು ಮಂದಿಗೇ 150 ಆಯಿತು! ಮುಂದಿನವರಿಗೆ ‘ಟೂ ಮೆನಿ ಕನೆಕ್ಷನ್ಸ್’ ಎಂಬ ಉತ್ತರ.

ಅಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಹಿರಿಯ ರಾಯರೊಬ್ಬರು ಫೋನಿನಲ್ಲಿ ರಸೀದಿ ಹಿಡಿದು ಊಟದ ಕೂಪನ್ನಿಗೆ ಬಂದರೆ, ಪುಸ್ತಕದಲ್ಲಿ ಅವರ ಚಂದಾ ಬಂದೇ ಇಲ್ಲ! ಹತ್ತು ಮಂದಿಯ ಎದುರು ಅವರು ಹೇಳಿದ್ದು ಇಷ್ಟೇ: “ಮೂವತ್ತು ವರ್ಷದಿಂದ ಕೊಡ್ತಾ ಇದೀನಪ್ಪಾ. ಸುಳ್ಳು ರಸೀದಿ ತರೋನ ಹಾಗೆ ಕಾಣ್ತೀನಾ?”

ನಮ್ಮ ತಲೆ ತಗ್ಗಿತು.

ಆ ರಾತ್ರಿ ಕುಳಿತು ಹುಡುಕಿದೆವು. ಆದರೆ ಎಲ್ಲ ಕೆಲಸವೂ ಆಗಬೇಕು, ಇಲ್ಲವೇ ಯಾವುದೂ ಆಗಿರಬಾರದು ಎಂದು ಕಟ್ಟುವ ಕಟ್ಟಿಗೆ ಟ್ರಾನ್ಸಾಕ್ಷನ್ ಎಂದು ಹೆಸರು. ಅದನ್ನು ನಾವು ಕಟ್ಟಿಯೇ ಇದ್ದೆವು. ಆದರೆ ಆ ಕಟ್ಟು ನಡೆಯುವುದು ಒಂದೇ ಸಂಪರ್ಕದೊಳಗೆ. ರಸೀದಿಯ ಕ್ಲಾಸು ಬೇರೆ ಸಂಪರ್ಕದಲ್ಲಿ ತನ್ನ ಪಾಡಿಗೆ ತಾನು ಬರೆದು, ರಾಯರಿಗೆ ಕಳಿಸಿಯೂ ಬಿಟ್ಟಿತ್ತು. ಮೂರನೆಯ ಕ್ಲಾಸಿಗೆ ಸಂಪರ್ಕ ಸಿಗದೆ ಕೆಲಸ ಕೆಟ್ಟಾಗ, ಚಂದಾ ಅಳಿಸಿಹೋಯಿತು, ರಸೀದಿ ಉಳಿಯಿತು.

ಪರಿಹಾರ ಸಣ್ಣದು. ಮೊದಲಲ್ಲೇ ಪಿಡಿಒ ಸಂಪರ್ಕ ಒಂದನ್ನು ತೆರೆದು, ಮೂರು ಕ್ಲಾಸುಗಳಿಗೂ ಕನ್‌ಸ್ಟ್ರಕ್ಟರಿನ ಮೂಲಕ ಅದನ್ನೇ ಕೈಗೆ ಕೊಟ್ಟೆವು. 2004ರ ಪಿಎಚ್‌ಪಿ 5ರಿಂದ ಈಚೆಗೆ ಹೀಗೆ ಕೊಟ್ಟರೆ ನಕಲಾಗುವುದಿಲ್ಲ. ಎಲ್ಲರೂ ಹಿಡಿಯುವುದು ಆ ಒಂದನ್ನೇ. 1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಲ್ಲಿ ಬರುವ ಸಿಂಗಲ್‌ಟನ್ ಉಪಾಯವೂ ಉಂಟು. ಆದರೆ ಆಗ ಯಾವ ಕ್ಲಾಸು ಯಾವುದನ್ನು ನೆಚ್ಚಿದೆ ಎಂಬುದು ಮೇಲ್ನೋಟಕ್ಕೆ ಕಾಣದು. ಕೈಗೆ ಕೊಟ್ಟರೆ ಬಾಗಿಲಲ್ಲೇ ಕಾಣುತ್ತದೆ; ಪರೀಕ್ಷೆ ಮಾಡುವಾಗ ಬೇರೆ ಡೇಟಾಬೇಸನ್ನೂ ಕೊಡಬಹುದು.

ಭಾನುವಾರ ತಿದ್ದಿದ ಪುಸ್ತಕದ ಪ್ರತಿ ಹಿಡಿದು ರಾಯರ ಮನೆಗೆ ಹೋದೆವು. ತಪ್ಪು ನಮ್ಮದೆಂದು ಒಪ್ಪಿ, ಕಥೆಯನ್ನೆಲ್ಲ ಹೇಳಿದೆವು. ರಾಯರು ನಕ್ಕರು.

“ನಾವು ಈ ಊರಿಗೆ ಬಂದಾಗ ಚಾಳಿನಲ್ಲಿ ಹನ್ನೆರಡು ಮನೆಗೆ ಒಂದೇ ನಲ್ಲಿ ಕಣಯ್ಯಾ. ಇದನ್ನ ಕಲಿಯೋಕೆ ರಾತ್ರಿಯೆಲ್ಲ ಓದಿದೆಯಾ?”

ನಾವು ಸುಮ್ಮನೆ ಕಾಫಿ ಕುಡಿದೆವು.