ಕಿರ್ರ್ ಅನ್ನೋ ಬಾಗಿಲಿಗೆ ಯಾವ ಎಣ್ಣೆ?

ಕಾರಿನ ಬಾಗಿಲು ಕಿರ್ರ್... ಅಂದರೆ ಸಾಕು, ನಮ್ಮ ಮನೆಗಳಲ್ಲಿ ಮೊದಲು ಕೈ ಹೋಗೋದು ಕೊಬ್ಬರಿ ಎಣ್ಣೆ ಬಾಟಲಿಗೆ. ಎರಡು ಹನಿ ಬಿಟ್ಟರೆ ಸದ್ದು ನಿಲ್ಲುತ್ತೆ, ಸುಳ್ಳಲ್ಲ. ಆದರೆ ಈ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಡಿಸೆಂಬರ್ ಬೆಳಗ್ಗೆ ಬಾಟಲಿಯೊಳಗೆ ಬೆಣ್ಣೆಯ ಹಾಗೆ ಕೂತಿರುತ್ತಲ್ಲ, ಕೀಲಿನೊಳಗೂ ಹಾಗೇ. ಬೇರೆ ಅಡುಗೆ ಎಣ್ಣೆಗಳದ್ದು ಇನ್ನೊಂದು ಕಥೆ. ಗಾಳಿ ತಗುಲಿ ತಗುಲಿ ಅಂಟಂಟಾಗುತ್ತವೆ. ಆ ಅಂಟಿಗೆ ರಸ್ತೆಯ ಧೂಳು ಸೇರಿದರೆ ಕೀಲನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿದಂತೆಯೇ!

ಇನ್ನು ಎಲ್ಲ ರೋಗಕ್ಕೂ ಒಂದೇ ಮದ್ದು ಅನ್ನಿಸಿಕೊಂಡಿರೋ ಡಬ್ಲ್ಯೂಡಿ-40. ಹೆಸರಲ್ಲೇ ಅದರ ಜಾತಕ ಇದೆ ನೋಡಿ. ಡಬ್ಲ್ಯೂಡಿ ಅಂದರೆ 'ವಾಟರ್ ಡಿಸ್‌ಪ್ಲೇಸ್‌ಮೆಂಟ್', ಅಂದರೆ ನೀರನ್ನು ಹೊರಗೆ ದಬ್ಬೋದು. 40 ಅಂದರೆ ನಲವತ್ತನೇ ಪ್ರಯತ್ನ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾಯ್ತು. ಮೊದಲು ಬಳಸಿದ್ದು ಅಟ್ಲಾಸ್ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದಿರಲಿ ಅಂತ. ತುಕ್ಕು ಸಡಿಲಿಸೋಕೆ, ಹಳೇ ಜಿಡ್ಡು ತೆಗೆಯೋಕೆ ಚೆನ್ನಾಗಿದೆ. ಆದರೆ ತುಂಬಾ ತೆಳು. ಬಹುಪಾಲು ಆವಿಯಾಗಿ ಹೋಗುತ್ತೆ, ಕೀಲಿನಲ್ಲಿ ಉಳಿದಿದ್ದ ಹಳೇ ಗ್ರೀಸನ್ನೂ ಕರಗಿಸಿಬಿಡುತ್ತೆ. ಅದೇ ಕಂಪನಿ ಲಿಥಿಯಂ ಗ್ರೀಸನ್ನು ಬೇರೆ ಡಬ್ಬಿಯಲ್ಲಿ ಮಾರುತ್ತೆ ಅಂದ ಮೇಲೆ ಇನ್ನೇನು ಹೇಳಬೇಕು?

ಮೊದಲು ಸದ್ದು ಎಲ್ಲಿಂದ ಅಂತ ಹುಡುಕಬೇಕು. ಒಬ್ಬರು ಬಾಗಿಲನ್ನು ನಿಧಾನಕ್ಕೆ ಆಡಿಸಲಿ, ಇನ್ನೊಬ್ಬರು ಕೀಲಿನ ಹೊರಮೈ ಮೇಲೆ ಬೆರಳಿಡಲಿ (ಸಂದಿಯೊಳಗೆ ಬೇಡ!). ಅದುರೋದು ಬೆರಳಿಗೆ ಗೊತ್ತಾಗುತ್ತೆ. ಎರಡು ಕೀಲುಗಳ ನಡುವೆ, ಬಾಗಿಲನ್ನು ಅರ್ಧಕ್ಕೆ ಹಿಡಿದು ನಿಲ್ಲಿಸೋ ಒಂದು ಲೋಹದ ಪಟ್ಟಿ ಇರುತ್ತೆ. 'ಟಕ್' ಅನ್ನೋ ಸದ್ದು ಸಾಮಾನ್ಯವಾಗಿ ಅದರದ್ದು. ಇವೆರಡಕ್ಕೂ ಬಿಳಿ ಲಿಥಿಯಂ ಗ್ರೀಸ್ ಸರಿ. ಹಳೇ ಕೊಳೆ ಒರೆಸಿ, ಸ್ವಲ್ಪವೇ ಹಚ್ಚಿ, ಬಾಗಿಲನ್ನು ಹತ್ತು ಸಲ ಆಡಿಸಿ, ಹೊರಗೆ ಬಂದಿದ್ದನ್ನು ಒರೆಸಿದರೆ ಆಯ್ತು. ಕೀರಲು ಸದ್ದು ಅಂಚಿನ ರಬ್ಬರ್ ಬೀಡಿಂಗಿನದ್ದಾದರೆ ಗ್ರೀಸ್ ಬೇಡವೇ ಬೇಡ, ರಬ್ಬರ್ ಉಬ್ಬಿಕೊಳ್ಳುತ್ತೆ. ಅದಕ್ಕೆ ಸಿಲಿಕೋನ್. ಬಟ್ಟೆಗೆ ಸಿಂಪಡಿಸಿಕೊಂಡು ಸವರಿದರೆ ಗಾಜಿಗೆ ಹಾರಲ್ಲ.

ಗ್ರೀಸ್ ಅಂದರೆ ಬೇರೇನಲ್ಲ, ಎಣ್ಣೆ ಹರಿದುಹೋಗದ ಹಾಗೆ ಹಿಡಿದಿಟ್ಟುಕೊಂಡ ಒಂದು ಸಾಬೂನು. ನಮ್ಮ ಎತ್ತಿನ ಗಾಡಿಯ ಕೀಲೆಣ್ಣೆಯಲ್ಲೂ ಇದೇ ಉಪಾಯ ಇತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಮಂದ ಮಾಡಿ ಅಚ್ಚಿಗೆ ಬಳಿಯೋರು. ತಮಾಷೆ ಏನು ಗೊತ್ತಾ? ಇವತ್ತಿನ ಹೆಚ್ಚಿನ ಲಿಥಿಯಂ ಗ್ರೀಸಿನ ಸಾಬೂನಿಗೆ ಬೇಕಾದ ಕೊಬ್ಬಿನಾಮ್ಲ ಬರೋದೂ ಹರಳೆಣ್ಣೆಯಿಂದಲೇ!

ಒಂದು ಸದ್ದಿಗೆ ಇಷ್ಟೆಲ್ಲಾ ಯಾಕೆ ಅಂತೀರಾ? ನಮ್ಮಮ್ಮನಿಗೆ ಮಂಡಿನೋವು. ಕಾರಿಂದ ಇಳಿಯುವಾಗ ಒಂದು ಕೈ ಸೀಟಿನ ಮೇಲೆ, ಇನ್ನೊಂದು ಬಾಗಿಲ ಮೇಲೆ. ಇಡೀ ಭಾರ ಆ ಎರಡು ಕೀಲುಗಳ ಮೇಲೆ ಬೀಳುತ್ತೆ. ಒಣಗಿದ ಕೀಲು ಸವೆದರೆ ಬಾಗಿಲು ಜೋತುಬೀಳುತ್ತೆ, ಆಮೇಲೆ ದಬ್ಬಿ ಹಾಕಿದರೂ ಸರಿಯಾಗಿ ಕೂರಲ್ಲ. ಆ ಪಟ್ಟಿ ಸವೆದರಂತೂ ಇಳಿಜಾರಿನಲ್ಲಿ ಬಾಗಿಲು ನಿಲ್ಲದೆ ಇಳಿಯುವವರ ಕಾಲಿಗೇ ಬಂದು ಬಡಿಯುತ್ತೆ. ಎಣ್ಣೆ ಬಿಟ್ಟು ಸದ್ದನ್ನು ಅಡಗಿಸೋದು ಸುಲಭ, ಸವೆತ ನಿಲ್ಲಿಸೋದು ಬೇರೆ.

ಮಳೆಯ ನೀರು, ವಾಟರ್ ಸರ್ವಿಸಿನ ರಭಸ ಎರಡೂ ಗ್ರೀಸನ್ನು ತೊಳೆದುಹಾಕುತ್ತವೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ನಾಲ್ಕೂ ಬಾಗಿಲಿಗೆ ಹಚ್ಚುತ್ತೇನೆ. ಅಮ್ಮ ಕೂರೋ ಕಡೆಯಿಂದಲೇ ಶುರು.