ಕೃಷ್ಣಗಿರಿ ಕೋಟೆಯಲ್ಲಿ ಒಂದು ಬಿಡುವಿನ ದಿನ

ವೇಲಾಂಕಣಿಗೆ ಹೊರಡುವ ನಮ್ಮ ಯಾತ್ರಿಕರ ಬಸ್ಸುಗಳು ಹೊಸೂರು, ಕೃಷ್ಣಗಿರಿಗಳನ್ನು ಸಾಮಾನ್ಯವಾಗಿ ರಾತ್ರಿಯಲ್ಲೇ ದಾಟುತ್ತವೆ. ಜಪಸರ ಮುಗಿದು ಎಲ್ಲರೂ ನಿದ್ದೆಗೆ ಜಾರಿರುತ್ತಾರೆ. ನಾನೂ ಹಾಗೆಯೇ ಎಷ್ಟೋ ಸಲ ದಾಟಿದವನು. ಈ ಬೇಸಿಗೆ ರಜೆಯಲ್ಲಿ ಅಕ್ಕ, ಭಾವ ಮತ್ತು ಅವರ ಇಬ್ಬರು ಗಂಡುಮಕ್ಕಳೊಡನೆ ಅಲ್ಲಿ ಒಂದು ದಿನ ಕಳೆಯುವ ಅವಕಾಶ ಒದಗಿತು.

ಈ ಪ್ರವಾಸಕ್ಕೆ ಒಂದು ಒಳಕಾರಣವಿತ್ತು. ಹತ್ತು ವರ್ಷದ ಹಿರಿಯ ಮಗನನ್ನು ದೂರದ ಹಾಸ್ಟೆಲ್ ಶಾಲೆಗೆ ಸೇರಿಸಬೇಕೆಂದು ಭಾವನ ಆಸೆ. ಅಕ್ಕನಿಗೆ ಮನಸ್ಸಿಲ್ಲ. "ಸ್ವಾಮಿ, ನೀವೇ ಹುಡುಗನಿಗೆ ಬುದ್ಧಿ ಹೇಳಿ ಒಪ್ಪಿಸಬೇಕು" ಎಂದು ಭಾವ ಕೇಳಿಕೊಂಡಿದ್ದರು.

ಅತ್ತಿಬೆಲೆ ದಾಟಿದರೆ ಹೊಸೂರು. ಫಲಕಗಳೆಲ್ಲ ತಮಿಳಿನಲ್ಲಿ. ಆದರೆ ಚಹಾದಂಗಡಿಯವರು ನಮ್ಮ ಮಾತು ಕೇಳಿದೊಡನೆ ಕನ್ನಡದಲ್ಲೇ "ಸಕ್ಕರೆ ಹಾಕಲಾ?" ಎಂದರು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಓಡಾಡುವ ಊರು ಇದು.

ಹೊಸೂರಿಗೆ ಸಮೀಪದ ತೊರಪಳ್ಳಿಯಲ್ಲಿ ರಾಜಾಜಿಯವರು 1878ರಲ್ಲಿ ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. 1948ರಲ್ಲಿ ಗವರ್ನರ್ ಜನರಲ್ ಆದ ಮೊದಲ ಭಾರತೀಯರು ಅವರು. ಬಾಲಕನಿಗೆ ಐದು ವರ್ಷವಾದಾಗ ಮನೆಯವರು ಹೊಸೂರಿಗೆ ಬಂದರು. ಹುಡುಗ ಅಲ್ಲಿನ ಶಾಲೆ ಸೇರಿದ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ.

"ನೋಡಿದಿರಾ, ದೂರ ಹೋಗಿ ಓದಿದ್ದಕ್ಕೇ ದೊಡ್ಡವರಾದರು" ಎಂದರು ಭಾವ. "ಅದು ಕಾಲೇಜಿಗೆ. ಚಿಕ್ಕವನಾಗಿದ್ದಾಗ ಇಡೀ ಮನೆಯೇ ಜೊತೆಗೆ ಬಂದಿತ್ತಲ್ಲ" ಎಂದಳು ಅಕ್ಕ. ನಾನು ಸುಮ್ಮನಿದ್ದೆ.

ಮಧ್ಯಾಹ್ನ ಇಳಿದ ಮೇಲೆ ಕೃಷ್ಣಗಿರಿ ಕೋಟೆ ಹತ್ತಿದೆವು. ಕಡಿದಾದ ಬಂಡೆಬೆಟ್ಟ. ಬಾರಾಮಹಲ್ ಎಂಬ ಸೀಮೆಯ ಮುಖ್ಯ ಕೋಟೆ ಇದು. 1791ರ ನವೆಂಬರಿನಲ್ಲಿ ಇಂಗ್ಲಿಷ್ ಸೇನೆ ಕೆಳಗಿನ ಪೇಟೆಯನ್ನು ಹಿಡಿದರೂ ಮೇಲಿನ ಕೋಟೆಯನ್ನು ಗೆಲ್ಲಲಾಗದೆ ಹಿಂದಿರುಗಿತು. ಆದರೆ ಮರುವರ್ಷದ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ತನ್ನ ರಾಜ್ಯದ ಅರ್ಧಭಾಗವನ್ನು ಬಿಟ್ಟುಕೊಟ್ಟ. ಬಾರಾಮಹಲ್ ಕಂಪನಿಯ ಪಾಲಾಯಿತು. ಫಿರಂಗಿಗೆ ಬಗ್ಗದ ಕೋಟೆ ಒಂದು ರುಜುವಿಗೆ ಬಗ್ಗಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಕಟ್ಟಬೇಕಿತ್ತು. ಕಟ್ಟಿ ಮುಗಿಯುವವರೆಗೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮೊಯಿಜುದ್ದೀನ್, ಒತ್ತೆಯಾಳುಗಳಾಗಿ ಮದ್ರಾಸಿಗೆ ಹೋದರು.

ಮೇಲಿನ ಗೋಡೆಯ ನೆರಳಿನಲ್ಲಿ ಕುಳಿತು ಈ ಕತೆ ಹೇಳಿದೆ. ಅಕ್ಕ ಮೆಲ್ಲಗೆ, "ಆ ತಾಯಂದಿರನ್ನು ಯಾರಾದರೂ ಒಂದು ಮಾತು ಕೇಳಿದರೇನು?" ಎಂದಳು. ಕಿರಿಯವನು, "ಅವರು ವಾಪಸ್ ಬಂದರಾ ಮಾಮ?" ಎಂದ. "ಬಂದರಪ್ಪ, ದುಡ್ಡು ಕಟ್ಟಿದ ಮೇಲೆ, 1794ರಲ್ಲಿ" ಎಂದೆ.

ಅಲ್ಲಿಯವರೆಗೆ ಕಲ್ಲು ಎಸೆಯುತ್ತಿದ್ದ ಹಿರಿಯವನು ತಂದೆಯ ಕಡೆ ತಿರುಗಿ ಕೇಳಿದ: "ಅಪ್ಪಾ, ನಾನು ಎಷ್ಟು ವರ್ಷಕ್ಕೆ ಬರೋದು?"

ಭಾವ ಉತ್ತರಿಸಲಿಲ್ಲ. ದೂರದಲ್ಲಿ ಪಿನಾಕಿನಿಯ ಅಣೆಕಟ್ಟಿನ ನೀರು ಹೊಳೆಯುತ್ತಿತ್ತು. ಅವರು ಅದನ್ನೇ ನೋಡುತ್ತಾ ಬಹಳ ಹೊತ್ತು ಕುಳಿತರು.

ಇಳಿದು ಬಂದು ಒಂದು ಬುಟ್ಟಿ ಮಾವಿನಹಣ್ಣು ಕೊಂಡೆವು. ಸಂಜೆ ಫಾತಿಮಾ ಮಾತೆಯ ದೇವಾಲಯಕ್ಕೆ ಹೋದೆವು. 1917ರಲ್ಲಿ ಮಾತೆ ದರ್ಶನವಿತ್ತದ್ದು ಕುರಿ ಕಾಯುವ ಮೂವರು ಮಕ್ಕಳಿಗೆ. ಅವರಲ್ಲಿ ದೊಡ್ಡವಳಾದ ಲೂಸಿಯಾಳಿಗೆ ಆಗ ಹತ್ತೇ ವರ್ಷ. ಭಾವ ಮಗನ ಹೆಗಲ ಮೇಲೆ ಕೈಯಿಟ್ಟು ಮೊಣಕಾಲೂರಿದ್ದರು. ಹೊರಗೆ ಬಂದ ಮೇಲೆ, "ಸ್ವಾಮಿ, ಅವನಿಗೆ ಏನೂ ಹೇಳಬೇಡಿ. ಏಳನೇ ತರಗತಿಯವರೆಗೆ ನಮ್ಮಲ್ಲೇ ಇರಲಿ. ಆಮೇಲೆ ಅವನನ್ನೇ ಕೇಳೋಣ" ಎಂದರು.

ಹಾಸ್ಟೆಲುಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ನಾನೇ ಎಳೆವಯಸ್ಸಿನಲ್ಲಿ ಗುರುಮಠ ಸೇರಿದವನು. ಆದರೆ ಹೋಗುತ್ತೇನೆಂದು ಕೇಳಿದವನು ನಾನೇ, ಅಪ್ಪ ಅಮ್ಮ ಮೂರು ಸಲ "ನಿಜವಾಗಿಯೂ ಮನಸ್ಸಿದೆಯೇ?" ಎಂದು ಕೇಳಿಯೇ ಕಳುಹಿಸಿದ್ದರು. ಮಕ್ಕಳು ದೇವರು ನಮ್ಮ ಕೈಗಿತ್ತ ವರ. ನಮ್ಮ ಆಸೆಗಳ ಸಾಲಕ್ಕೆ ಅವರನ್ನು ಒತ್ತೆ ಇಡದಿರೋಣ. ಮುಂದಿನ ಸಲ ವೇಲಾಂಕಣಿಗೆ ಹೋಗುವಾಗ ಕೃಷ್ಣಗಿರಿಯಲ್ಲಿ ಸ್ವಲ್ಪ ಎಚ್ಚರವಾಗಿದ್ದು, ಆ ಬೆಟ್ಟದ ಕಡೆ ನೋಡಿ, ನಮ್ಮ ಮನೆಯ ಮಕ್ಕಳಿಗಾಗಿ ಒಂದು ನಮೋ ಮರಿಯಾ ಹೇಳೋಣ.