ಹಿಮ ತೂರುವ ಯಂತ್ರ

ದೆಹಲಿಯ ಸರಕಾರಿ ಕಚೇರಿಯೊಂದರ ಖರೀದಿ ಶಾಖೆಯಲ್ಲಿ ಗುಮಾಸ್ತರಾಗಿರುವ ನಾವು ಇದುವರೆಗೆ ಏನೇನಕ್ಕೆ ಟಿಪ್ಪಣಿ ಬರೆದಿಲ್ಲ! ಕುರ್ಚಿ, ಮೇಜು, ಬೀರು, ಕೂಲರು, ಫಿನಾಯಿಲು, ಸಾಹೇಬರ ಕೋಣೆಯ ಪರದೆ, ಎಲ್ಲವೂ ನಮ್ಮ ಲೇಖನಿಯ ಕೆಳಗೆ ಹಾದುಹೋಗಿವೆ. ಮೂರು ಕಡೆಯಿಂದ ದರಪಟ್ಟಿ ತರಿಸುವುದು, ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದ ತಖ್ತೆಯಲ್ಲಿ ಅವನ್ನು ಕೂರಿಸುವುದು, ಎಲ್ಲರಿಗಿಂತ ಕಡಿಮೆ ದರ ಹೇಳಿದವರಿಗೆ ‘ಎಲ್-ಒನ್’ ಎಂದು ಹೆಸರಿಟ್ಟು ಕೆಳಗೆ ರುಜು ಹಾಕುವುದು, ಇಷ್ಟೇ ನಮ್ಮ ವಿದ್ಯೆ. ಬಿ.ಎ.ಯಲ್ಲಿ ಓದಿದ ಚರಿತ್ರೆ, ಅರ್ಥಶಾಸ್ತ್ರಗಳೆಲ್ಲ ಕಡೆಗೆ ಈ ತಖ್ತೆಯ ಮನೆಗಳೊಳಗೆ ಹೊಕ್ಕು ಸುಮ್ಮನೆ ಕುಳಿತಿವೆ. ಇಂಥ ವಿದ್ಯೆಗೂ ಸಮುದ್ರದಾಚೆಯಿಂದ ಕರೆ ಬಂದೀತೆಂದು ಮಾತ್ರ ನಾವು ಎಣಿಸಿರಲಿಲ್ಲ.

ಕರೆ ಬಂದದ್ದು 2023ರ ಆಗಸ್ಟಿನಲ್ಲಿ, ನಮ್ಮ ದೊಡ್ಡಕ್ಕನಿಂದ. ಐವರು ಮಕ್ಕಳಲ್ಲಿ ಆಕೆ ಮೊದಲನೆಯವಳು, ನಾವು ಕಡೆಯವರು. ತೀರ್ಥಹಳ್ಳಿಯ ಕಡೆಯ ಮಳೆಯಲ್ಲಿ ಬೆಳೆದ ಅಕ್ಕ, ಮದುವೆಯಾಗಿ ಭಾವನವರೊಡನೆ ಹೋಗಿ ನೆಲಸಿದ್ದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ. ನ್ಯೂಯಾರ್ಕ್ ಎಂದೊಡನೆ ಮುಗಿಲು ಮುಟ್ಟುವ ಕಟ್ಟಡಗಳನ್ನು ನೆನೆಯುವ ಓದುಗರು ಕೊಂಚ ತಾಳಬೇಕು. ಆ ರಾಜ್ಯದ ಉತ್ತರದಲ್ಲಿ, ಆಂಟೇರಿಯೊ ಸರೋವರದ ಪೂರ್ವಕ್ಕೆ, ಟಗ್ ಹಿಲ್ ಎಂಬ ಎತ್ತರದ ಸೀಮೆಯಿದೆ. ಚಳಿಗಾಲದ ಕೊರೆಯುವ ಗಾಳಿ ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾದು, ನೀರಿನ ಹಬೆಯನ್ನು ಹೊತ್ತು ತಂದು, ಈ ಎತ್ತರಕ್ಕೆ ತಗುಲಿದೊಡನೆ ಹಿಮವಾಗಿ ಸುರಿಯುತ್ತದೆ. ಅಲ್ಲಿನ ಕೆಲವು ಊರುಗಳಲ್ಲಿ ವರ್ಷಕ್ಕೆ 200 ಅಂಗುಲಕ್ಕೂ ಹೆಚ್ಚು ಬೀಳುವುದುಂಟು. 2007ರ ಫೆಬ್ರುವರಿಯಲ್ಲಿ ರೆಡ್‌ಫೀಲ್ಡ್ ಎಂಬ ಊರಿನಲ್ಲಿ ಸುಮಾರು ಹತ್ತು ದಿನಗಳಲ್ಲಿ 141 ಅಂಗುಲ ಬಿತ್ತು. ಎಂದರೆ ಹನ್ನೊಂದೂಮುಕ್ಕಾಲು ಅಡಿ!

ಆಗುಂಬೆಯ ಸೀಮೆಯವರಿಗೆ ಆಕಾಶ ಸುರಿಯುವುದು ಹೊಸದಲ್ಲ. ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೇಲೆ ಮಳೆಯಾಗುತ್ತದೆ. ಆದರೆ ಅಕ್ಕ ಹೇಳುವ ವ್ಯತ್ಯಾಸ ಕೇಳಿ: “ಮಳೆ ಬಂದರೆ ತನ್ನ ದಾರಿ ತಾನು ನೋಡಿಕೊಂಡು ಹಳ್ಳಕ್ಕೆ ಹೋಗುತ್ತದೆ ಕಣೋ. ಹಿಮ ಹಾಗಲ್ಲ. ಬಾಗಿಲಲ್ಲೇ ಕುಳಿತ ನೆಂಟನ ಹಾಗೆ. ನಾವೇ ಎಬ್ಬಿಸಿ ಕಳಿಸಬೇಕು.”

ಆ ನೆಂಟನ ತೂಕವೆಷ್ಟೆಂದು ನಾವು ಲೆಕ್ಕ ಹಾಕಿ ನೋಡಿದೆವು. ಅಕ್ಕನ ಮನೆಯಿಂದ ಸರಕಾರಿ ರಸ್ತೆಗೆ 300 ಅಡಿ ಉದ್ದ, 12 ಅಡಿ ಅಗಲದ ಜಲ್ಲಿ ದಾರಿ. ಒಂದಡಿ ಹಿಮ ಬಿತ್ತೆನ್ನಿ: 3600 ಘನ ಅಡಿ. ಹೊಸದಾಗಿ ಬಿದ್ದ ಹಿಮ ನೀರಿನ ಹತ್ತರಲ್ಲೊಂದು ಪಾಲು ತೂಗುತ್ತದೆಂದು ಹಿಡಿದರೂ ಹತ್ತು ಟನ್ನು ಆಯಿತು. ಒದ್ದೆ ಹಿಮವಾದರೆ ಇನ್ನೂ ಹೆಚ್ಚು. ಇಷ್ಟನ್ನು ಒಂದು ರಾತ್ರಿಯ ಮೋಡ ಇಳಿಸಿ ಹೋಗುತ್ತದೆ.

ಇಷ್ಟು ವರ್ಷ ಟ್ರಕ್ಕಿನ ಮುಂದೆ ಉಕ್ಕಿನ ಹಲಗೆ ಕಟ್ಟಿಕೊಂಡು ಬಂದು ದಾರಿ ಬಿಡಿಸಿಕೊಡುತ್ತಿದ್ದ ನೆರೆಯ ಹಿರಿಯರೊಬ್ಬರು ವಯಸ್ಸಾಯಿತೆಂದು ಆ ಕೆಲಸ ಬಿಟ್ಟರು. ಭಾವನವರಿಗೆ ಅರುವತ್ತು ದಾಟಿದೆ. ಹೃದಯದ ನಾಳದೊಳಗೆ ಒಂದು ಸ್ಟೆಂಟು ಕುಳಿತಿದೆ. ಕೊರೆವ ಚಳಿಗೆ ರಕ್ತನಾಳ ಕುಗ್ಗುತ್ತದೆ, ಸಲಿಕೆ ಎತ್ತುವ ಶ್ರಮಕ್ಕೆ ರಕ್ತದ ಒತ್ತಡ ಏರುತ್ತದೆ. ಎರಡೂ ಕೂಡಿದರೆ ಹೃದಯಕ್ಕೆ ಆಪತ್ತೆಂದು ಅಲ್ಲಿನ ವೈದ್ಯರೆಲ್ಲ ಎಚ್ಚರಿಸುತ್ತಾರೆ. ಭಾವನವರಿಗೂ ಸಲಿಕೆ ಮುಟ್ಟಬಾರದೆಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಸ್ಟೆಂಟು ಹಾಕಿಸಿಕೊಂಡ ಆ ಜನವರಿಯ ರಾತ್ರಿ ಆಂಬುಲೆನ್ಸ್ ರಸ್ತೆಯವರೆಗೆ ಬಂದು ಅಲ್ಲೇ ನಿಂತಿತ್ತಂತೆ. ಮೊಣಕಾಲುದ್ದ ಹಿಮದಲ್ಲಿ ನಾಲ್ವರು ಸ್ಟ್ರೆಚರು ಹೊತ್ತು ಆ 300 ಅಡಿ ನಡೆದರು. ಅಕ್ಕ ಟಾರ್ಚು ಹಿಡಿದು ಮುಂದೆ ನಡೆದಳು. ಇದನ್ನು ಆಕೆ ನಮಗೆ ಹೇಳಿದ್ದು ಎರಡು ವರ್ಷಗಳ ಮೇಲೆ. 2022ರ ಕ್ರಿಸ್ಮಸ್ ಸಮಯದಲ್ಲಿ ಅದೇ ರಾಜ್ಯದ ಬಫಲೋ ನಗರವನ್ನು ಹಿಮದ ಬಿರುಗಾಳಿ ಮುತ್ತಿ, ಆಂಬುಲೆನ್ಸುಗಳೂ ಸಿಕ್ಕಿಬಿದ್ದು, ಆ ಸುತ್ತಿನಲ್ಲಿ 40ಕ್ಕೂ ಹೆಚ್ಚು ಜನ ಸತ್ತರೆಂಬ ಸುದ್ದಿ ಓದಿ ನಾವು ಗಾಬರಿಯಿಂದ ಫೋನು ಮಾಡಿದಾಗ, ಮಾತಿಗೆ ಮಾತು ಬಂದು ಹೊರಬಿತ್ತು.

ಪುಣ್ಯಕ್ಕೆ ಮನೆಯಲ್ಲಿ ತೋಟದ ಕೆಲಸಕ್ಕೆಂದು ಕೊಂಡ ಸಣ್ಣ ಟ್ರ್ಯಾಕ್ಟರೊಂದಿತ್ತು. 35 ಅಶ್ವಶಕ್ತಿಯದು. ಸುತ್ತ ಗಾಜಿನ ಕ್ಯಾಬಿನು, ಒಳಗೆ ಬಿಸಿಗಾಳಿ, ಗಾಜು ಒರೆಸುವ ವೈಪರು. ಅದಕ್ಕೆ ಹಿಮ ಎಸೆಯುವ ಯಂತ್ರವೊಂದನ್ನು ಜೋಡಿಸಬೇಕು. ಯಾವುದನ್ನು, ಎಲ್ಲಿ ಜೋಡಿಸಬೇಕೆಂಬುದೇ ಪ್ರಶ್ನೆ. “ನೀನು ದಿನಾ ದರಪಟ್ಟಿ ನೋಡುವವನು. ನೀನೇ ಹೇಳು ಮಾರಾಯ. ನಾವಿಬ್ಬರೇ ಮಾತಿಗೆ ಕುಳಿತರೆ ಜಗಳವಾಗುತ್ತದೆ” ಎಂದಳು ಅಕ್ಕ.

ಈ ಯಂತ್ರಕ್ಕೆ ಇಂಗ್ಲಿಷಿನಲ್ಲಿ ಸ್ನೋ ಬ್ಲೋಅರ್ ಎನ್ನುತ್ತಾರೆ. ಊದುವುದಕ್ಕಿಂತ ಇದು ಮಾಡುವುದು ನಮ್ಮ ಕಣದಲ್ಲಿ ಕಾಳು ತೂರುವ ಕೆಲಸಕ್ಕೇ ಹತ್ತಿರ. ಮುಂದೆ ಅಗಲ ಬಾಯಿ. ಅದರೊಳಗೆ ತಿರುಪಿನಾಕಾರದ ಉಕ್ಕಿನ ಅಲಗು ಹಿಮವನ್ನು ಎರಡು ಕಡೆಯಿಂದ ನಡುವಿಗೆ ಎಳೆದು ತರುತ್ತದೆ. ಹಿಂದಿರುವ ಬೀಸುಚಕ್ರ ಅದನ್ನು ಕೊಳವೆಯ ಮೂಲಕ ದೂರಕ್ಕೆ ತೂರುತ್ತದೆ. ಹೋಲಿಕೆ ನಮ್ಮ ಕಲ್ಪನೆಯಷ್ಟೇ ಅಲ್ಲ. ಕೆನಡಾದ ಕ್ವಿಬೆಕ್ ಪ್ರಾಂತದ ಆರ್ಥರ್ ಸಿಕಾರ್ ಎಂಬಾತ 1925ರಲ್ಲಿ ಇಂಥ ಯಂತ್ರವನ್ನು ರೂಪಿಸಿದ್ದು ಒಕ್ಕಣೆಯ ಯಂತ್ರವನ್ನು ನೋಡಿಯೇ. 1927ರಲ್ಲಿ ಅದನ್ನು ಮಾಂಟ್ರಿಯಲ್ ಬಳಿಯ ಊಟ್ರಮಾಂಟ್ ಪುರಸಭೆಗೆ ಮಾರಿದ. ಅದಕ್ಕೂ ಮೊದಲು, 1869ರಲ್ಲಿ, ರೈಲು ಹಳಿಯ ಮೇಲಿನ ಹಿಮವನ್ನು ಚಕ್ರದಿಂದ ಎಸೆಯುವ ಯಂತ್ರವನ್ನು ಯೋಚಿಸಿ ಪೇಟೆಂಟು ಪಡೆದವನು ಟೊರಾಂಟೊದ ಹಲ್ಲಿನ ಡಾಕ್ಟರೊಬ್ಬ. ಹಲ್ಲಿನ ಡಾಕ್ಟರು ಹಿಮದ ಗೋಜಿಗೆ ಹೋಗಬಹುದಾದರೆ ಗುಮಾಸ್ತರೇಕೆ ಹೋಗಬಾರದು? ನಾವು ಗೆರೆ ಎಳೆಯಲು ಕುಳಿತೆವು.

ತಖ್ತೆಯ ಮೊದಲ ಸಾಲಿನಲ್ಲಿ ಬರಿಯ ಹಲಗೆ. ಟ್ರ್ಯಾಕ್ಟರಿನ ಮುಂದೆ ಕಟ್ಟಿ ಹಿಮವನ್ನು ಪಕ್ಕಕ್ಕೆ ತಳ್ಳುವುದು. ಬೆಲೆ ಎಲ್ಲಕ್ಕಿಂತ ಕಡಿಮೆ. ಆದರೆ ತಳ್ಳಿದ್ದು ದಾರಿಯಂಚಿನಲ್ಲೇ ಗೋಡೆಯಾಗಿ ಏಳುತ್ತದೆ. ಫೆಬ್ರುವರಿಯ ಹೊತ್ತಿಗೆ ತಳ್ಳಲು ಜಾಗವೇ ಉಳಿಯುವುದಿಲ್ಲ. ಕಡಿಮೆ ಬೀಳುವ ಊರಿಗೆ ಸರಿ, ಟಗ್ ಹಿಲ್ಲಿಗೆ ಸಾಲದು.

ಎರಡನೆಯದು, ಟ್ರ್ಯಾಕ್ಟರಿನ ಹಿಂದೆ, ನೇಗಿಲು ಕಟ್ಟುವ ಮೂರು ಕೈಗಳ ಕೊಂಡಿಗೆ ಜೋಡಿಸುವ ಯಂತ್ರ. ಹಿಂಬದಿಯ ಪಿ.ಟಿ.ಓ. ದಂಡ ನಿಮಿಷಕ್ಕೆ 540 ಸುತ್ತು ತಿರುಗಿ ಇದನ್ನು ಓಡಿಸುತ್ತದೆ. ಸರಳ, ಗಟ್ಟಿ, ಮುಂದಿನ ಬಕೆಟ್ಟನ್ನು ಕಳಚಬೇಕಾಗಿಲ್ಲ. ಬೆಲೆ ಸುಮಾರು 4,500 ಡಾಲರು. ಆದರೆ ದಾರಿಯುದ್ದಕ್ಕೂ ಹಿಮ್ಮುಖವಾಗಿ ಓಡಿಸಬೇಕು. ಹೆಗಲ ಮೇಲಿಂದ ಕತ್ತು ತಿರುಗಿಸಿ, ಒಂದು ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ಹಿಂದಿನ ಗಾಜಿನ ಮೇಲೆ. ಗಾಳಿ ಎದುರಾದರೆ ಹಿಮದ ಪುಡಿ ಆ ಗಾಜಿಗೇ ಬಂದು ಮೆತ್ತುತ್ತದೆ.

ಮೂರನೆಯದೂ ಹಿಂದೆಯೇ, ಆದರೆ ಬಾಯಿ ಮುಂದಕ್ಕೆ ತಿರುಗಿದ್ದು. ಮುಂದಕ್ಕೆ ಓಡಿಸುತ್ತ ಎಳೆದುಕೊಂಡು ಹೋಗಬಹುದು. ಕತ್ತಿಗೆ ಸುಖ, ಮನೆಯ ಬಾಗಿಲ ಬುಡದ ಹಿಮವನ್ನೂ ಎಳೆದು ತೆಗೆಯುತ್ತದೆ. ಆದರೆ ಟ್ರ್ಯಾಕ್ಟರಿನ ಚಕ್ರ ಮೊದಲು ಹಿಮವನ್ನು ತುಳಿದು ಗಟ್ಟಿ ಮಾಡಿದ ಮೇಲೆ ಯಂತ್ರ ಬರುತ್ತದೆ. ಎರಡಡಿ ಹಿಮವಾದರೆ ಸಣ್ಣ ಟ್ರ್ಯಾಕ್ಟರಿನ ಹೊಟ್ಟೆಯೇ ಹಿಮಕ್ಕೆ ತಾಗಿ ನಿಲ್ಲುತ್ತದೆ.

ನಾಲ್ಕನೆಯದು ಮುಂದೆ ಜೋಡಿಸುವುದು. ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗಿನ ಇನ್ನೊಂದು ಪಿ.ಟಿ.ಓ. ನಿಮಿಷಕ್ಕೆ ಸುಮಾರು 2000 ಸುತ್ತು ತಿರುಗುತ್ತದೆ. ಅಲ್ಲಿಂದ ಉದ್ದನೆಯ ದಂಡವೊಂದು ಮುಂದಕ್ಕೆ ಬಂದು ಯಂತ್ರವನ್ನು ಓಡಿಸುತ್ತದೆ. ಎದುರಿಗೆ ನೋಡುತ್ತ ಎದುರಿನದನ್ನೇ ತೆಗೆಯಬಹುದು. ಆದರೆ ಬಕೆಟ್ಟನ್ನು ಚಳಿಗಾಲವೆಲ್ಲ ಕಳಚಿಡಬೇಕು. ಮುಂದೆ ಭಾರ ಬಿದ್ದು ಹಿಂದಿನ ಚಕ್ರ ಹಗುರಾಗದಂತೆ ಹಿಂದೆ ತೂಕ ಕಟ್ಟಬೇಕು, ಚಕ್ರಕ್ಕೆ ಸರಪಳಿ ಸುತ್ತಬೇಕು. ಬೆಲೆ ಸುಮಾರು 9,000 ಡಾಲರು; ಅಂದಿನ ನಮ್ಮ ರೂಪಾಯಿಯಲ್ಲಿ ಏಳೂವರೆ ಲಕ್ಷ.

ಅಗಲದ ಮಾತು ಸುಲಭವಾಗಿ ಮುಗಿಯಿತು. ಯಂತ್ರದ ಬಾಯಿ ಟ್ರ್ಯಾಕ್ಟರಿನ ಚಕ್ರಗಳ ಹೊರ ಅಂಚಿಗಿಂತ ಸ್ವಲ್ಪ ಅಗಲವಾಗಿರಬೇಕು, ಇಲ್ಲವಾದರೆ ತೆಗೆಯದ ಹಿಮವನ್ನು ಚಕ್ರ ತುಳಿಯುತ್ತದೆ. ತೀರ ಅಗಲವಾದರೆ ಎಂಜಿನು ಏದುಸಿರು ಬಿಡುತ್ತದೆ. ಚಕ್ರದಿಂದ ಚಕ್ರಕ್ಕೆ 5 ಅಡಿ ಇದ್ದುದರಿಂದ 64 ಅಂಗುಲ ಸಾಕೆಂದಾಯಿತು.

ಭಾವನವರು ಎರಡನೆಯದನ್ನೇ ಹಿಡಿದರು. “ಏನಪ್ಪ, ಕೆಲಸಕ್ಕೆ ಬರುವ ಯಂತ್ರಗಳಲ್ಲಿ ಎಲ್-ಒನ್ ಅದೇ ಅಲ್ಲವೆ? ನಿಮ್ಮ ಕಚೇರಿಯ ನ್ಯಾಯವೂ ಅದೇ” ಎಂದರು. ನ್ಯಾಯ ಅದೇ, ನಿಜ. ಆದರೆ ತಾಂತ್ರಿಕ ಅರ್ಹತೆ ನೋಡಿದ ಮೇಲಷ್ಟೇ ನಾವು ದರದ ಲಕೋಟೆ ಒಡೆಯುವುದು. ಇಲ್ಲಿ ಅರ್ಹತೆ ನೋಡಬೇಕಾದದ್ದು ಯಂತ್ರದ್ದೊಂದೇ ಅಲ್ಲ, ಅದರ ಮೇಲೆ ಕೂರುವವರದೂ ಆಗಿತ್ತು. ಭಾವನವರ ಕತ್ತಿನ ಮೂಳೆ ಸವೆದು ಹತ್ತು ವರ್ಷವಾಯಿತು. ಕಾರನ್ನು ಹಿಂದಕ್ಕೆ ತೆಗೆಯುವಾಗಲೂ ಅವರು ಇಡೀ ಮೈಯನ್ನೇ ತಿರುಗಿಸುತ್ತಾರೆ. ಅದಿರಲಿ. ಅವರು ಕೂರಲಾಗದ ದಿನ ಯಾರು ಕೂರಬೇಕು?

ಈ ಪ್ರಶ್ನೆ ನಮ್ಮ ಮನಸ್ಸಿನಲ್ಲಿತ್ತು; ಅಕ್ಕನ ಮನಸ್ಸಿನಲ್ಲಿ ನಮಗಿಂತ ಮೊದಲೇ ಇತ್ತು. ಅದಕ್ಕೇ ಆಕೆ ಸಮುದ್ರದಾಚೆಯ ಗುಮಾಸ್ತರನ್ನು ಹುಡುಕಿದ್ದು. ಆದರೆ ಹಿರಿಯ ಭಾವನವರ ಎದುರು ಇದನ್ನು ಆಡುವುದು ಹೇಗೆ? ಮದುವೆಯಾಗಿ ಮೂವತ್ತು ವರ್ಷ ಅಕ್ಕನಿಗೆ ಹಿಮ ಮುಟ್ಟಗೊಡದ ಮನುಷ್ಯ ಅವರು. “ನೀವಿಲ್ಲದ ದಿನಕ್ಕೆ” ಎಂಬ ಮಾತು ನಾಲಗೆಯ ತುದಿಗೆ ಬಂದರೂ ಹಲ್ಲು ದಾಟದು. ನಮ್ಮಾಕೆ ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದಳು. “ಬಾಯಲ್ಲಿ ಹೇಳಲಾಗದ್ದನ್ನು ನೀವು ಕಚೇರಿಯಲ್ಲಿ ಬರೆದು ಕಳಿಸುವುದಿಲ್ಲವೆ? ಹಾಗೇ ಬರೆಯಿರಿ” ಎಂದಳು.

ಬರೆದೆವು. ತಖ್ತೆಯ ಕೊನೆಯಲ್ಲಿ ಒಂದು ಕಲಮು ಹೆಚ್ಚಿಗೆ ಎಳೆದು ಅದರ ತಲೆಯ ಮೇಲೆ “ಸಂಬಂಧಪಟ್ಟ ಅಧಿಕಾರಿ ರಜೆಯಲ್ಲಿರುವಾಗ ಪ್ರಭಾರ ವಹಿಸುವವರು” ಎಂದು ನಮೂದಿಸಿದೆವು. ಕೆಳಗೆ ನಾಲ್ಕು ಮನೆಗಳಲ್ಲೂ ಅಕ್ಕನ ಹೆಸರು. ಅದರ ಮುಂದೆ ಷರಾ: ಪ್ರಭಾರಿಗಳ ಎತ್ತರ 5 ಅಡಿ. ಹಿಂದಕ್ಕೆ ತಿರುಗಿ ಕುಳಿತರೆ ಕಾಲು ಪೆಡಲನ್ನು ಬಿಡುತ್ತದೆ. ಎದುರಿಗೆ ನೋಡಿ ಇಪ್ಪತ್ತೆಂಟು ವರ್ಷ ಕಾರು ಓಡಿಸಿದ ಅನುಭವವಿದೆ. ಆದ್ದರಿಂದ ನಾಲ್ಕನೆಯದಕ್ಕೆ ಶಿಫಾರಸು. ಹೆಚ್ಚುವರಿ ವೆಚ್ಚ 4,500 ಡಾಲರಿಗೆ ಸಕ್ಷಮ ಅಧಿಕಾರಿಗಳ ಮಂಜೂರಾತಿ ಕೋರಿದೆ.

ಎರಡು ದಿನ ಆ ಕಡೆಯಿಂದ ಸದ್ದಿಲ್ಲ. ನಮ್ಮ ಮನೆಯಲ್ಲಿ ಊಟ ಸಪ್ಪೆಯಾಯಿತು. ಮೂರನೆಯ ದಿನ ಬೆಳಗ್ಗೆ ಭಾವನವರೇ ಫೋನು ಮಾಡಿದರು. “ನನ್ನ ರಜೆಗೆ ಈಗಲೇ ಬದಲಿ ಏರ್ಪಾಡು ಮಾಡಿಬಿಟ್ಟೆಯಲ್ಲಪ್ಪ” ಎಂದು ನಕ್ಕರು. ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಅನಂತರ, “ಆ ರಾತ್ರಿ ಸ್ಟ್ರೆಚರಿನ ಮೇಲೆ ಮಲಗಿದ್ದವನಿಗೆ ಅವಳ ಟಾರ್ಚಿನ ಬೆಳಕೊಂದೇ ಕಾಣುತ್ತಿತ್ತು. ಮಂಜೂರು ಎಂದು ಬರೆದುಕೋ” ಎಂದರು.

ಸೆಪ್ಟೆಂಬರಿನಲ್ಲಿ ಯಂತ್ರ ಬಂತು. ಅಕ್ಟೋಬರು ತಿಂಗಳೆಲ್ಲ ಹಿಮವಿಲ್ಲದ ದಾರಿಯ ಮೇಲೆ ಅಕ್ಕ ಟ್ರ್ಯಾಕ್ಟರು ಓಡಿಸಿ ಕಲಿತಳು. ಜಲ್ಲಿ ದಾರಿಯಾದ್ದರಿಂದ ಯಂತ್ರದ ಬಾಯಿ ನೆಲದಿಂದ ಸುಮಾರು ಒಂದು ಅಂಗುಲ ಮೇಲೆ ನಿಲ್ಲುವಂತೆ ಪಕ್ಕದ ಜಾರುಪಟ್ಟಿಗಳನ್ನು ಸರಿಪಡಿಸಿಕೊಂಡರು. ಇಲ್ಲವಾದರೆ ಹಿಮದ ಜೊತೆಗೆ ಕಲ್ಲೂ ಹಾರಿ ಕಿಟಕಿಯ ಗಾಜು ಹುಡುಕಿಕೊಂಡು ಹೋಗುತ್ತದೆ. ಅಲಗಿಗೆ ಗಟ್ಟಿ ವಸ್ತು ಸಿಕ್ಕಿದರೆ ಮೊದಲು ಮುರಿಯಲೆಂದೇ ಇಟ್ಟ ಸಣ್ಣ ಬೋಲ್ಟುಗಳಿವೆ. ಅವು ಮುರಿದು ಗೇರು ಪೆಟ್ಟಿಗೆಯನ್ನು ಉಳಿಸುತ್ತವೆ. ಅಂಥ ಒಂದು ಡಜನ್ ಬೋಲ್ಟು ಅಕ್ಕನ ಅಡಿಗೆಮನೆಯಲ್ಲಿ ಹಳೆಯ ಕಾಫಿಪುಡಿಯ ಡಬ್ಬಿಯಲ್ಲಿವೆ. ಕೊಳವೆ ಕಟ್ಟಿಕೊಂಡರೆ ಎಂಜಿನು ನಿಲ್ಲಿಸಿ, ಬೀಗದ ಕೈ ಕಿತ್ತು ಜೇಬಿಗೆ ಹಾಕಿಕೊಂಡು, ಕೋಲಿನಿಂದ ಕೆದಕಬೇಕು. ಎಂದಿಗೂ ಕೈ ಹಾಕಕೂಡದು, ನಿಂತ ಚಕ್ರವೂ ಹಿಮ ಕಳಚಿದೊಡನೆ ಥಟ್ಟನೆ ತಿರುಗೀತು. ಈ ನಿಯಮವನ್ನು ನಾವು ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದ್ದು ಕ್ಯಾಬಿನಿನೊಳಗೆ ಅಂಟಿಕೊಂಡಿದೆ. ನಮ್ಮ ಸೇವಾವಧಿಯಲ್ಲಿ ಸಮುದ್ರ ದಾಟಿದ ಸುತ್ತೋಲೆ ಅದೊಂದೇ.

ಹೊರನಾಡಿನಲ್ಲಿ ನೆಂಟರಿರುವ ನಮ್ಮ ಕೂಟದ ಎಷ್ಟೋ ಮನೆಗಳಲ್ಲಿ ಈಗ ಇಂಥ ಕಡೆಯ ಕಲಮೊಂದು ಬರೆಯದೆ ಉಳಿದಿದೆ. ಬ್ಯಾಂಕಿನ ಪುಸ್ತಕಕ್ಕೆ, ಮನೆಯ ಬಾಯ್ಲರಿಗೆ, ಕಾರಿಗೆ ಅವರಿಲ್ಲದಾಗ ಕೈ ಹಾಕುವವರು ಯಾರು, ಅವರ ಕಾಲು ಪೆಡಲಿಗೆ ಎಟಕುತ್ತದೆಯೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನವೆಂಬ ಭಯ. ಅದಕ್ಕೆ ಗುಮಾಸ್ತರ ಭಾಷೆ ಎಷ್ಟೋ ವಾಸಿ.

ಈಗ ಹಿಮ ಬಿದ್ದ ಬೆಳಗ್ಗೆ ಅವರಿಬ್ಬರೂ ಸರದಿಯ ಮೇಲೆ ಓಡಿಸುತ್ತಾರೆ. ಅಕ್ಕನ ಸರದಿಯ ದಿನ ಭಾವನವರು ಕಿಟಕಿಯ ಬಳಿ ಕಾಫಿ ಲೋಟ ಹಿಡಿದು ನಿಂತು, ಗಾಳಿ ಯಾವ ಕಡೆಗೆ ಬೀಸುತ್ತಿದೆಯೆಂದು ಕೈಯೆತ್ತಿ ತೋರಿಸುತ್ತಾರಂತೆ. ಆಕೆ ಕೊಳವೆಯನ್ನು ಆ ಕಡೆಗೆ ತಿರುಗಿಸಿಕೊಳ್ಳುತ್ತಾಳೆ.